ಪುಟ್ಟಸ್ವಾಮಿ ಹೆಸರು ಒಡೆಯದಂತೆ ಓದಿಸಿದ್ದು: ಇನ್‌ಪುಟ್ ಸ್ಟ್ರೀಮ್ ಜೊತೆ ನನ್ನ ಅನುಭವ

ಮಂಡ್ಯ ಹತ್ತಿರದ ಒಂದು ಕಬ್ಬಿನ ವೇಬ್ರಿಡ್ಜ್‌ಗೆ (ಗಾಡಿ ಸಮೇತ ತೂಗುವ ಕಟ್ಟೆ) ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟೆ. ಗಾಡಿ ತೂಕ, ರೈತರ ಹೆಸರು ನೆಟ್‌ವರ್ಕ್ ಮೂಲಕ ಆಫೀಸಿಗೆ ಬರಬೇಕು. ಹೀಗೆ ಬೈಟ್‌ಗಳಾಗಿ, ಅಂದರೆ ಮಾಹಿತಿಯ ಸಣ್ಣ ತುಂಡುಗಳಾಗಿ, ಹರಿದು ಬರುವುದನ್ನು ಓದುವ ದಾರಿಯೇ ಜಾವಾದ ಇನ್‌ಪುಟ್ ಸ್ಟ್ರೀಮ್. ಮೊದಲ ವಾರವೇ ‘ಪುಟ್ಟಸ್ವಾಮಿ’ ನಡುವೆ ಪ್ರಶ್ನೆ ಗುರುತಿನ ಕಪ್ಪು ಡೈಮಂಡ್ ಬಂತು. ಎಲ್ಲ ಚೀಟಿಯಲ್ಲೂ ಅಲ್ಲ, ಅಲ್ಲೊಂದು ಇಲ್ಲೊಂದು. ತೂಕದ ಚೀಟಿಯಲ್ಲಿ ಹೆಸರೇ ತಪ್ಪಿದರೆ ರೈತರು ಹಣ ಕೇಳುವುದು ಹೇಗೆ?

ಮೈಸೂರಿನ ಗೆಳೆಯರು, "ಸುಮ್ನೆ ರ‍್ಯಾಮ್ ಜಾಸ್ತಿ ಹಾಕಿಸು, ಎಲ್ಲ ಒಂದೇ ಸಲ ಓದು" ಎಂದರು. ಸುಮಾರು 3,000 ರೂಪಾಯಿ ಕೈಯಿಂದ ಹಾಕಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಸ್ಟ್ರೀಮ್‌ನ ‘ಅವೈಲಬಲ್’ ಎಂಬ ಮೆಥಡ್ (ಆಜ್ಞೆ) ಕೊಟ್ಟ ಸಂಖ್ಯೆಯನ್ನೇ ಪೂರ್ತಿ ಉದ್ದ ಅಂತ ನಂಬಿದೆ. ಮನೆಯಲ್ಲಿ ಫೈಲ್ ಇಟ್ಟು ನೋಡಿದಾಗ ಸರಿ ಇತ್ತು, ನೆಟ್‌ವರ್ಕ್‌ನಲ್ಲಿ ಅರ್ಧಕ್ಕೇ ನಿಂತಿತು. ಅದು ಹೇಳುವುದು ಈ ಗಳಿಗೆಯಲ್ಲಿ ಕಾಯದೆ ಎಷ್ಟು ಸಿಗುತ್ತದೆ ಅಂತ ಮಾತ್ರ. ಹತ್ತು ದಿನ, ಬಸ್ ಚಾರ್ಜು, ಎಲ್ಲ ಹೋಯಿತು.

ತಪ್ಪು ಸಿಕ್ಕಿದ್ದು ಒಂದು ರಾತ್ರಿ, ಬೈಟ್ ಎಣಿಸುವಾಗ. ಪುಟ್ಟಸ್ವಾಮಿ ಕಣ್ಣಿಗೆ 4 ಅಕ್ಷರ. ಯೂನಿಕೋಡ್ ಅಂದರೆ ಎಲ್ಲ ಲಿಪಿಗೂ ಸಂಕೇತ ಕೊಡುವ ಪಟ್ಟಿ, ಅದರಲ್ಲಿ ಗುಣಿತ, ಒತ್ತು ಎಲ್ಲ ಬಿಡಿಸಿ 11 ಸಂಕೇತ. ಆ ಸಂಕೇತಗಳನ್ನು ಬೈಟ್ ಮಾಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 33 ಬೈಟ್. ನನ್ನ ಬಫರ್, ಅಂದರೆ ಒಂದು ಸಲಕ್ಕೆ ಓದಿ ಇಡುವ ಜಾಗ, 8192 ಬೈಟ್, ಅದು ಮೂರರಿಂದ ಭಾಗವಾಗುವುದಿಲ್ಲ. ಬೈಟ್ ಓದುವ ‘ರೀಡ್’ ಅಂತೂ ಕೇಳಿದಷ್ಟು ಕೊಡುತ್ತೇನೆ ಅಂತ ಎಂದೂ ಮಾತು ಕೊಟ್ಟಿಲ್ಲ. ಬಂದ ತುಂಡನ್ನು ಅಲ್ಲೇ ಸ್ಟ್ರಿಂಗ್ (ಪಠ್ಯ) ಮಾಡುತ್ತಿದ್ದೆ, ಅಂಚಿಗೆ ಬಿದ್ದ ಅಕ್ಷರ ಸೀಳುತ್ತಿತ್ತು. ಟೆಸ್ಟ್‌ಗೆ ಹಾಕಿದ್ದ ಇಂಗ್ಲಿಷ್ ಹೆಸರುಗಳು ಅಕ್ಷರಕ್ಕೊಂದೇ ಬೈಟ್. ಹಾಗಾಗಿ ಗೊತ್ತೇ ಆಗಿರಲಿಲ್ಲ.

ಅಲ್ಲಿದ್ದದ್ದು ಹಳೆಯ ಜಾವಾ 8, ಅದರಲ್ಲಿ ಕೇಳಿದಷ್ಟು ಬೈಟ್ ತುಂಬಿಸಿ ಕೊಡುವ ‘ರೀಡ್‌ಎನ್‌ಬೈಟ್ಸ್’ ಇಲ್ಲ. ‘ರೀಡ್‌ಫುಲಿ’ ಇದೆ, ಆದರೆ ನಡುವೆ ಲೈನ್ ಕಟ್ಟಾದರೆ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ, ಎಷ್ಟು ಬಂತು ಅಂತ ಹೇಳುವುದಿಲ್ಲ. ಅದಕ್ಕೇ ಮೂರೇ ಮೆಥಡ್‌ಗಳ ನನ್ನದೇ ಇಂಟರ್‌ಫೇಸ್ (ಓದುವ ಆಜ್ಞೆಗಳ ಕಟ್ಟು) ಬರೆದೆ. ‘ಇಷ್ಟು ಬೈಟ್ ಕೊಡು’ ಎಂದರೆ ಅಷ್ಟು ತುಂಬುವವರೆಗೆ ಲೂಪ್ ಸುತ್ತುತ್ತದೆ. -1, ಅಂದರೆ ಇನ್ನೇನೂ ಬರುವುದಿಲ್ಲ ಅಂತ, ಬಂದರೆ ಸಿಕ್ಕಷ್ಟನ್ನು ಲೆಕ್ಕದ ಸಮೇತ ಒಪ್ಪಿಸುತ್ತದೆ. ಹೆಸರಿನ ಉದ್ದ ಬೈಟ್‌ನಲ್ಲೇ ಬರುತ್ತದೆ. ಪೂರ್ತಿ ಸಿಕ್ಕ ಮೇಲೇ ಸ್ಟ್ರಿಂಗ್.

ನಡುವೆ ಇನ್ನೊಂದು ಚಟ. ಕಳೆದ ಸೀಸನ್ನಿನ ಫೈಲನ್ನು ಬಫರ್ ಇಲ್ಲದೆ ಒಂದೊಂದೇ ಬೈಟ್ ಓದಿಸಿದೆ, ನಾಲ್ಕು ನಿಮಿಷ ಹಿಡಿಯಿತೇನೋ. 8192ರ ಬಫರ್‌ಗೆ ಒಂದೆರಡು ಸೆಕೆಂಡ್. 1 ಎಂಬಿ ಮಾಡಿದರೂ ಅದಕ್ಕಿಂತ ಹೆಚ್ಚೇನೂ ಉಳಿಯಲಿಲ್ಲ.

ಈ ಸೀಸನ್ನಿನಲ್ಲಿ ಹತ್ತಿರ ಹತ್ತಿರ 20,000 ಚೀಟಿ. ಒಂದು ಹೆಸರೂ ಒಡೆದಿಲ್ಲ. ರ‍್ಯಾಮ್ ಹಾಕಿಸು ಎಂದವರೇ ಈಗ ಕೋಡ್ ಕೇಳುತ್ತಿದ್ದಾರೆ. ಲೂಪ್ ಕೊಟ್ಟೆ. ಕರೆಂಟ್ ಹೋದಾಗ ಅರ್ಧ ಬಂದ ದಾಖಲೆಯನ್ನು ಮತ್ತೆ ಜೋಡಿಸುವ ಬಗೆ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಇನ್ನೆರಡು ವೇಬ್ರಿಡ್ಜ್‌ನವರು ಅದನ್ನೇ ಕೇಳಿಕೊಂಡು ಬಂದಿದ್ದಾರೆ.