ಮಂಡ್ಯದಲ್ಲಿ ಸಿಸ್ಟರ್ ಆಗಿ ಪಾಠ ಮಾಡಿದ್ದು

ನಾನು ಸಿಸ್ಟರ್, ಅಂದ್ರೆ ಕ್ರೈಸ್ತ ಸನ್ಯಾಸಿನಿ ಅಂದ ತಕ್ಷಣ ಜನ ಕೇಳೋದು ಎರಡೇ ಪ್ರಶ್ನೆ. ಮದುವೆ ಆಗದೆ ಹೇಗಿರ್ತೀರಾ? ಸಂಬಳ ಏನು ಮಾಡ್ತೀರಾ? ಮೊದಲನೆಯದಕ್ಕೆ ಸುಮ್ನೆ ನಕ್ಕುಬಿಡುತ್ತೇನೆ. ಎರಡನೆಯದಕ್ಕೆ ಮಾತ್ರ ನೇರವಾಗಿ ಉತ್ತರ ಕೊಡುತ್ತೇನೆ. ಅನುದಾನಿತ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ, ಸಂಬಳ ಸರ್ಕಾರದಿಂದ ಬರುತ್ತಿತ್ತು, ಬಂದದ್ದು ಪೂರ್ತಿ ನಮ್ಮ ಸಭೆಯ, ಅಂದ್ರೆ ನಮ್ಮ ಸಿಸ್ಟರುಗಳ ಸಂಘದ, ಖಾತೆಗೆ ಹೋಗುತ್ತಿತ್ತು. ಬಡತನದ ವ್ರತ ಅಂದ್ರೆ ಅದೇ. ಚಪ್ಪಲಿ ಹರಿದರೆ ನಮ್ಮ ಮುಖ್ಯಸ್ಥೆ ಮದರ್ ಹತ್ತಿರ ಕೇಳಬೇಕು. ಈ ಥರದ ಸಂಬಳಕ್ಕೆ ಆದಾಯ ತೆರಿಗೆ ಹಿಡಿಯಬೇಕೋ ಬೇಡವೋ ಅಂತ ವರ್ಷಗಟ್ಟಲೆ ಕೇಸು ನಡೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಿಡಿಯಲೇಬೇಕು ಅಂದಿತು. ನನಗೇನೂ ಬೇಜಾರಾಗಲಿಲ್ಲ. ಎಲ್ಲರೂ ಕಟ್ಟುತ್ತಾರೆ, ನಾವೂ ಕಟ್ಟೋಣ.

ನಮ್ಮ ಮನೆ ಶ್ರೀರಂಗಪಟ್ಟಣದ ಕಡೆ. ಅಲ್ಲಿ ಗಂಜಾಂನಲ್ಲಿ ಅಬ್ಬೆ ದುಬೋಯ್ ಹೆಸರಿನ ಹಳೇ ಚರ್ಚಿದೆ. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟು ಮಾಡೋಕೆ ಬಂದ ಫ್ರೆಂಚ್ ಪಾದ್ರಿ ಅವರು. ಜನ ದೊಡ್ಡ ಸ್ವಾಮಿ ಅಂತಿದ್ದರಂತೆ. ಊರೂರು ತಿರುಗಿ ಸಿಡುಬಿಗೆ ಲಸಿಕೆ ಹಾಕಿಸಿದರು. ಚಿಕ್ಕಂದಿನಲ್ಲಿ ನನಗೆ ಅವರ ಪೂಜೆ ಪ್ರವಚನಕ್ಕಿಂತ ಈ ಲಸಿಕೆ ಕಥೆಯೇ ಜಾಸ್ತಿ ಹಿಡಿಸಿತ್ತು. ದೇವಕರೆ ಅಂದ್ರೆ ಆಕಾಶದಿಂದ ಧ್ವನಿ ಬರುತ್ತೆ ಅಂದುಕೊಂಡವರು ಬಹಳ ಇದ್ದಾರೆ. ನನಗಂತೂ ಬರಲಿಲ್ಲ. ಜನರ ಮನೆ ಬಾಗಿಲಿಗೆ ಹೋಗೋ ಕೆಲಸ ಬೇಕು ಅನ್ನಿಸಿತು, ಅಷ್ಟೇ. ಅಪ್ಪ ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ನೊವಿಶಿಯೇಟ್ ಅನ್ನೋ ಕಾನ್ವೆಂಟ್ ತರಬೇತಿ, ಮೊದಲ ವ್ರತ, ಟೀಚರ್ ಟ್ರೈನಿಂಗ್, ಕೆಲವು ವರ್ಷ ಬಿಟ್ಟು ಜೀವನಪೂರ್ತಿಯ ನಿತ್ಯ ವ್ರತ. ಎಲ್ಲ ಸಿಸ್ಟರುಗಳೂ ಹತ್ತಿ ಬರೋ ಮೆಟ್ಟಿಲೇ, ವಿಶೇಷ ಏನಿಲ್ಲ.

ವಿಶೇಷ ಇರೋದು ಕ್ಲಾಸಿನಲ್ಲಿ. ಐದನೇ ಕ್ಲಾಸಿಗೆ ಬಂದರೂ ಓದೋಕೆ ಬಾರದ ಮಕ್ಕಳು ಪ್ರತಿ ವರ್ಷ ಸಿಗುತ್ತಿದ್ದರು. ದಡ್ಡರಲ್ಲ. ಪದ್ಯ ಬಾಯಿಪಾಠ, ಬೋರ್ಡಿನಲ್ಲಿರೋದನ್ನ ಮುತ್ತಿನಂಥ ಅಕ್ಷರದಲ್ಲಿ ಇಳಿಸುತ್ತಾರೆ, ಆದ್ರೆ ಹೊಸ ಪದ ತೋರಿಸಿದರೆ ಬಾಯಿ ಕಟ್ಟುತ್ತೆ. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ, ಆಟದ ಜೊತೆ ಪಾಠ ಕಲಿಸೋ ಸರ್ಕಾರಿ ಶಾಲೆಗಳ ನಲಿ-ಕಲಿ ಯೋಜನೆ ಶುರುವಾಯಿತು, ಗೊತ್ತಲ್ವಾ? ಅದರಲ್ಲಿ ಅ ಆ ಇ ಈ ಅಂತ ಶುರು ಮಾಡೋದಿಲ್ಲ. ರ ಗ ಸ ದ ಅ ಅಂತ ಕಲಿಸುತ್ತಾರೆ. ಐದಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಮಗುವಿಗೆ ಮೊದಲ ವಾರವೇ ಓದಿದ ಖುಷಿ ಸಿಗುತ್ತೆ. ನಮ್ಮದು ಆ ಯೋಜನೆಯ ಶಾಲೆ ಅಲ್ಲ, ಆದ್ರೂ ಈ ಉಪಾಯ ನಾನು ಎತ್ತಿಕೊಂಡೆ.

ಒತ್ತಕ್ಷರಕ್ಕೆ ನನ್ನದೇ ದಾರಿ ಮಾಡಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ನೋಡ್ತಾ ನೋಡ್ತಾ ಹೊಳೆದದ್ದು. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕಿನ ಹೆಸರನ್ನೇ ಪಾಠ ಮಾಡಿದೆ. ನಾಗಮಂಗಲ, ಪಾಂಡವಪುರ ಮೊದಲು, ಯಾಕಂದ್ರೆ ಅವಕ್ಕೆ ಒತ್ತೇ ಇಲ್ಲ. ಆಮೇಲೆ ಮದ್ದೂರು, ಮಳವಳ್ಳಿ. ದಕ್ಕೆ ದ, ಳಕ್ಕೆ ಳ, ಮೇಲಿನ ಅಕ್ಷರವೇ ಕೆಳಗೆ ಪುಟ್ಟದಾಗಿ ಕೂತಿರುತ್ತೆ. ಆಮೇಲೆ ಕೃಷ್ಣರಾಜಪೇಟೆ, ಬೇರೆ ಅಕ್ಷರದ ಒತ್ತು. ಶ್ರೀರಂಗಪಟ್ಟಣ, ಮಂಡ್ಯ ಕೊನೆಗೆ. ತ ನ ಮ ಯ ರ ಲ, ಈ ಆರು ಅಕ್ಷರ ಒತ್ತಾದಾಗ ರೂಪವೇ ಬದಲಾಗುತ್ತೆ ನೋಡಿ, ಮಕ್ಕಳು ಅಲ್ಲೇ ಎಡವೋದು. ತಮ್ಮೂರಿನ ಹೆಸರೇ ಎಲ್ಲಕ್ಕಿಂತ ಕಷ್ಟ! ಅರ್ಕಾವತ್ತಿಗೆ ಬಸ್ಸಿನ ಮೈಮೇಲಿರೋ ಕರ್ನಾಟಕ ಸಾರಿಗೆ. ಒಬ್ಬ ಹುಡುಗ ಪಟ್ಟು ಹಿಡಿದು ‘ಕನಾರ್ಟಕ’ ಅಂತಲೇ ಓದುತ್ತಿದ್ದ. ಅವನು ಹೇಳಿದ್ದರಲ್ಲೂ ನ್ಯಾಯ ಇತ್ತು, ಬರೆದಿರೋದು ಹಾಗೇ ಅಲ್ವಾ? ಅರ್ಕಾವತ್ತು ಕಂಡರೆ ಒಂದಕ್ಷರ ಹಿಂದಕ್ಕೆ ಜಿಗಿ ಅಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನಿಜವಾಗಿಯೂ ಜಿಗಿಸಿದೆ. ಸರಿಹೋಯಿತು.

ಸಂಜೆ ಮನೆ ಭೇಟಿ. ಕಬ್ಬು ಅರೆಯೋ ಕಾಲದಲ್ಲಿ ಆಲೆಮನೆಗಳ ಹತ್ತಿರ ಹೊರಗಿನಿಂದ ಬಂದ ಕೂಲಿಯವರ ಗುಡಿಸಲಿರುತ್ತೆ. ದೊಡ್ಡ ಮಗಳು ಚಿಕ್ಕದನ್ನ ಎತ್ತಿಕೊಂಡು ಕೂತಿರುತ್ತಾಳೆ, ಶಾಲೆ ಎಲ್ಲಿಂದ ಬಂತು? ಅಮ್ಮಂದಿರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಮಗುವನ್ನೂ ಕರೆದುಕೊಂಡು ಬರಲಿ, ಕ್ಲಾಸಲ್ಲೇ ಮಲಗಿಸೋಣ ಅಂದೆ. ಮೇಲಿನವರಿಗೆ ಇಷ್ಟವಾಗಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ‘ನಿಮ್ಮ ದೇವ್ರಿಗೆ ಸೇರ್ಕೊಳ್ಳಿ ಅಂತೀರಾ ಸಿಸ್ಟರಮ್ಮ?’ ಅಂತ ಒಬ್ಬರು ಅಜ್ಜಿ ಮುಖಕ್ಕೇ ಕೇಳಿದರು. ‘ಇಲ್ಲ ಕಣವ್ವ, ಒತ್ತಕ್ಷರ ಬರ್ಲಿ ಅಂತೀನಿ’ ಅಂದೆ. ಅಜ್ಜಿ ಬಿಸಿ ಬೆಲ್ಲದ ಉಂಡೆ ಕೈಗಿಟ್ಟರು. ಮೊಮ್ಮಗಳು ಮಾರನೇ ದಿನ ಬಂದಳು.

ಆಮೇಲೆ 2023ರ ಕೊನೆಯಲ್ಲಿ, ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಕದ್ದುಮುಚ್ಚಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದರು ಅಂತ ಪೇಪರಿನಲ್ಲಿ ಬಂತು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಆ ವಾರ ಪ್ರಾರ್ಥನೆಗೆ ಕೂತರೂ ಜಪಸರ ಮುಂದೆ ಹೋಗಲಿಲ್ಲ.

ವರ್ಗಾವಣೆ ಮಾತ್ರ ಕಷ್ಟ. ವಿಧೇಯತೆಯ ವ್ರತ ತಗೊಂಡಿದ್ದೇವೆ, ಮೇ ತಿಂಗಳಲ್ಲಿ ಪತ್ರ ಬಂದರೆ ಪೆಟ್ಟಿಗೆ ಕಟ್ಟಬೇಕು, ಅರ್ಧ ಓದಲು ಕಲಿತ ಮಕ್ಕಳನ್ನು ಬಿಟ್ಟು ಹೋಗಬೇಕು. ಇದು ಒಳ್ಳೆ ಪದ್ಧತಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಮದರ್ ಎದುರಿಗೂ ಹೇಳಿದ್ದೇನೆ.

ಅರವತ್ತಕ್ಕೆ ಸರ್ಕಾರಿ ಲೆಕ್ಕದಲ್ಲಿ ರಿಟೈರ್ ಆದೆ. ಕಾನ್ವೆಂಟಿನಲ್ಲಿ ರಿಟೈರ್‌ಮೆಂಟ್ ಅನ್ನೋದಿಲ್ಲ, ಈಗ ಮೈಸೂರಿನಲ್ಲಿ ಸಂಜೆ ಓದಿಸುತ್ತೇನೆ. ಸಿಸ್ಟರ್ ಆಗ್ತೀನಿ ಅಂತ ಹುಡುಗಿಯರು ಬರೋದು ಈಗ ಕಡಿಮೆ. ಬಂದವರಿಗೆ ಹೇಳೋದಿಷ್ಟೇ. ಡಿಗ್ರಿ ಮುಗಿಸು. ಮನೆಯಲ್ಲಿ ಜಗಳ ಆಡಿಕೊಂಡು ಬರಬೇಡ. ರಜೆಯಲ್ಲಿ ನಮ್ಮ ಜೊತೆ ಇದ್ದು ನೋಡು, ಪೂಜೆಗಿಂತ ಮುಂಚೆ ಏಳೋಕಾಗುತ್ತಾ, ಅಡುಗೆಮನೆ ಪಾತ್ರೆ ಉಜ್ಜೋಕಾಗುತ್ತಾ, ಒಂದೇ ಪದವನ್ನ ಒಂದೇ ಮಗುವಿಗೆ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿಕೊಡೋಕಾಗುತ್ತಾ ಅಂತ. ಆಗುತ್ತೆ ಅನ್ನಿಸಿದ್ರೆ ಬಾ, ಮದರ್ ಹತ್ತಿರ ನಾನೇ ಮಾತಾಡ್ತೀನಿ.