ರೊಟ್ಟಿಯ ಹಂಚು ಬೆಳಿಗ್ಗೆ ಏರಲಿ

ನಮ್ಮ ಕಲಬುರಗಿಯ ಯಾವ ಓಣಿಗೆ ಹೋದರೂ ಸಕ್ಕರೆ ಕಾಯಿಲೆಯ ಮಾತು ಬಂದ ಕೂಡಲೇ ಹೆಣ್ಣುಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಅನ್ನ ಬಿಡಿಸಲೋ, ಎಣ್ಣೆ ಬಿಡಿಸಲೋ? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ರೊಟ್ಟಿಯ ಹಂಚು ಒಲೆಯ ಮೇಲೆ ಏರುವುದು ಎಷ್ಟು ಹೊತ್ತಿಗೆ? ಹತ್ತರಲ್ಲಿ ಏಳು ಮನೆಗಳಲ್ಲಿ ಉತ್ತರ ಒಂದೇ, ರಾತ್ರಿ ಒಂಬತ್ತರ ಮೇಲೆ.

ನಮ್ಮ ಮನೆಯೂ ಹಾಗೆಯೇ ಇತ್ತು. ಯಜಮಾನರು ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ತೊಗರಿಯ ಸುಗ್ಗಿ ಶುರುವಾಯಿತೆಂದರೆ ರಾತ್ರಿ ಹತ್ತಕ್ಕೆ ಮೊದಲು ಮನೆಯ ಬಾಗಿಲು ಕಾಣುತ್ತಿರಲಿಲ್ಲ. ಬೆಳಿಗ್ಗೆ ಸಕ್ಕರೆ ಹಾಕಿದ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಅರ್ಧ ಹಾಗೆಯೇ ವಾಪಸು. ರಾತ್ರಿ ಮಾತ್ರ ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ ನಾಲ್ಕು, ಮೇಲೆ ಎಣ್ಣೆ ತೇಲುವ ಎಣ್ಣೆಗಾಯಿ, ಕೊನೆಗೆ ಅನ್ನ ಸಾರು. ಹನ್ನೊಂದಕ್ಕೆ ಹಾಸಿಗೆ. ಬಿಸಿ ರೊಟ್ಟಿ ಬಡಿಸುವುದೇ ಹೆಂಡತಿಯ ಮಮತೆ ಎಂದು ನಾನು ನಂಬಿದ್ದೆ. ಅವರ ಸಕ್ಕರೆ ಕಾಯಿಲೆಯ ಗುಳಿಗೆಗಳು ಒಂದರಿಂದ ಎರಡಾದವು, ಎರಡರಿಂದ ಮೂರಾದವು. ಬೆಳಗಿನ ಬರಿ ಹೊಟ್ಟೆಯ ಸಕ್ಕರೆ ಇಳಿಯಲಿಲ್ಲ. ಕೊನೆಗೆ ಒಬ್ಬ ಯುವ ವೈದ್ಯೆ ಏನು ತಿನ್ನುತ್ತೀರಿ ಎಂದು ಕೇಳಿ ಅಲ್ಲಿಗೇ ಬಿಡದೆ, ಎಷ್ಟು ಹೊತ್ತಿಗೆ ಎಷ್ಟು ತಿನ್ನುತ್ತೀರಿ ಎಂದೂ ಕೇಳಿ ಬರೆದುಕೊಂಡರು. ಇಡೀ ದಿನದ ಊಟದ ಬಹುಪಾಲು ಸೂರ್ಯ ಮುಳುಗಿದ ಮೇಲೆ ಹೊಟ್ಟೆಗೆ ಹೋಗುತ್ತಿದೆ ಎನ್ನುವುದು ಆ ಚೀಟಿಯನ್ನು ನೋಡಿದಾಗಲೇ ನನಗೆ ತಿಳಿದದ್ದು.

ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ, ಕರುಳು, ಇವುಗಳೊಳಗೂ ಸಣ್ಣ ಗಡಿಯಾರಗಳಿವೆ. ಅವು ಊಟದ ವೇಳೆಯನ್ನು ನೋಡಿ ನಡೆಯುತ್ತವೆ. ಜೀವಕೋಶದೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್, ಮೈಕೇಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಾತ್ರಿ ಹತ್ತಕ್ಕೆ ಉಂಡರೆ ಮಿದುಳಿನ ಗಡಿಯಾರ ಮಲಗುವ ಹೊತ್ತು ಎನ್ನುತ್ತದೆ, ಹೊಟ್ಟೆಯ ಗಡಿಯಾರ ಕೆಲಸದ ಹೊತ್ತು ಎನ್ನುತ್ತದೆ. ಒಂದೇ ಮನೆಯಲ್ಲಿ ಅತ್ತೆಯದು ಒಂದು ವೇಳೆ, ಸೊಸೆಯದು ಇನ್ನೊಂದು ವೇಳೆ ಆದ ಹಾಗೆ.

ಪಿಷ್ಟದ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ರೊಟ್ಟಿ, ಅನ್ನ, ಸಕ್ಕರೆ ಎಲ್ಲವೂ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುವುದು. ಅದನ್ನು ಸ್ನಾಯುಗಳಿಗೆ ತಲುಪಿಸುವ ಇನ್ಸುಲಿನ್ ಬೆಳಗಿನ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತದೆ, ಸಂಜೆಯಾದಂತೆ ಮಂದವಾಗುತ್ತದೆ. ಕತ್ತಲಾದ ಮೇಲೆ ಏರುವ ಮೆಲಟೋನಿನ್ ಎಂಬ ನಿದ್ರೆಯ ರಸ ಇನ್ಸುಲಿನ್ ಒಸರುವುದನ್ನೂ ತಗ್ಗಿಸುತ್ತದೆ. ಹೀಗಾಗಿ ಅದೇ ಎರಡು ರೊಟ್ಟಿ, ಅದೇ ಪಲ್ಯ ಬೆಳಿಗ್ಗೆ ಏರಿಸುವ ಸಕ್ಕರೆಗಿಂತ ರಾತ್ರಿ ಏರಿಸುವ ಸಕ್ಕರೆ ಹೆಚ್ಚು, ಇಳಿಯಲು ಹಿಡಿಯುವ ಹೊತ್ತೂ ಹೆಚ್ಚು. ಆರೋಗ್ಯವಂತರಲ್ಲೂ ಇದು ಹೀಗೆಯೇ.

ಆದ್ದರಿಂದ ನನ್ನ ಮೊದಲ ಸಲಹೆ ತಟ್ಟೆಯ ಕುರಿತಾದದ್ದಲ್ಲ, ಒಲೆಯ ಕುರಿತಾದದ್ದು. ಹಂಚನ್ನು ಬೆಳಿಗ್ಗೆ ಆರಕ್ಕೆ ಏರಿಸಿ. ಹಿಂದಿನ ದಿನ ಸಂಜೆಯೇ ಪುಂಡಿ ಸೊಪ್ಪು ಸೋಸಿ, ತೊಗರಿ ಬೇಳೆ ಅಳೆದು, ಈರುಳ್ಳಿ ಬಿಡಿಸಿ ಇಟ್ಟರೆ ಬೆಳಗಿನ ಕೆಲಸ ಒಂದು ಗಂಟೆಗೆ ಮುಗಿಯುತ್ತದೆ. ಆ ಸೋಸುವ, ಬಿಡಿಸುವ ಕೆಲಸ ಗಂಡಸರದ್ದಾಗಲಿ. ಟಿವಿಯ ಮುಂದೆ ಕುಳಿತೇ ಮಾಡಬಹುದು. ಹೆಂಗಸಿನ ನಿದ್ದೆ ಕದ್ದು ಮನೆಯ ಆರೋಗ್ಯ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ. ರೊಟ್ಟಿ ಬಡಿಯುವಾಗ ಅವತ್ತಿನದು ಮೆತ್ತಗೆ ತೆಗೆದು, ನಾಲ್ಕೈದನ್ನು ಹಂಚಿನ ಬದಿಯಲ್ಲಿ ಒಣಗಿಸಿ ಖಡಕ್ ಮಾಡಿ ಬಟ್ಟೆಯಲ್ಲಿ ಕಟ್ಟಿಡಿ. ಏಳಲಾಗದ ದಿನಕ್ಕೆ ಅದೇ ಆಧಾರ.

ಹೊಲಕ್ಕೆ ಹೋಗುವವರ ನ್ಯಾರಿಯನ್ನು, ಅಂದರೆ ಬೆಳಗಿನ ಊಟವನ್ನು, ನೆನಪು ಮಾಡಿಕೊಳ್ಳಿ. ನನ್ನ ತವರು ಬೀದರ್ ಕಡೆಯ ಹಳ್ಳಿ. ಅಲ್ಲಿ ನನ್ನ ತಂದೆ ಹೊತ್ತೇರುವ ಮೊದಲು ನ್ಯಾರಿ ಮಾಡಿದರೆ ಎರಡು ರೊಟ್ಟಿ, ಪಲ್ಯ, ಗಟ್ಟಿ ಬೇಳೆ, ಹಿಂಡಿ (ಚಟ್ನಿಪುಡಿ), ಮೇಲೆ ಮೊಸರು. ಅದು ಊಟವೇ ಆಗಿತ್ತು. ನಾವು ಅದನ್ನು ಬಿಟ್ಟು ನಾಷ್ಟಾ ಎಂಬ ಹೆಸರಿನಲ್ಲಿ ಒಂದು ತಟ್ಟೆ ಸುಸಲಕ್ಕೆ, ಉಪ್ಪಿಟ್ಟಿಗೆ ಇಳಿದೆವು. ಸುಸಲ ನನಗೂ ಇಷ್ಟ, ಆದರೆ ಮಂಡಕ್ಕಿ ಬರಿಯ ಪಿಷ್ಟ. ಹನ್ನೊಂದಕ್ಕೆ ಮತ್ತೆ ಹಸಿವು. ಮಾಡಲೇಬೇಕೆಂದರೆ ಪುಟಾಣಿ ಹಿಟ್ಟು, ಹುರಿದ ಶೇಂಗಾ ಕೈತುಂಬ ಹಾಕಿ, ಪಕ್ಕದಲ್ಲಿ ಮೊಳಕೆ ಹೆಸರು ಇಡಿ. ಬೇಳೆಕಾಳಿಗೆ ಒಂದು ಒಳ್ಳೆಯ ಗುಣವಿದೆ: ಒಂದು ಹೊತ್ತು ತಿಂದ ಕಾಳು ಮುಂದಿನ ಹೊತ್ತಿನ ಊಟದ ಸಕ್ಕರೆಯನ್ನೂ ಅಷ್ಟು ಏರಗೊಡುವುದಿಲ್ಲ. ತೊಗರಿಯ ಕಣಜದಲ್ಲಿ ಕುಳಿತವರು ನಾವು, ಬೆಳಗಿನ ತಟ್ಟೆಯಲ್ಲಿ ಬೇಳೆ ಇಲ್ಲದಿದ್ದರೆ ಹೇಗೆ?

ಇನ್ನು ಜಿಡ್ಡು. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಅದಕ್ಕೇ ಎಣ್ಣೆಯನ್ನು ಅಳೆದು ಬಳಸಿ ಎನ್ನುತ್ತೇನೆ, ಬಿಡಿ ಎನ್ನುವುದಿಲ್ಲ. ಜಿಡ್ಡು ಇದ್ದರೆ ಹೊಟ್ಟೆ ನಿಧಾನವಾಗಿ ಬರಿದಾಗುತ್ತದೆ. ಬೆಳಿಗ್ಗೆ ಇದು ಉಪಕಾರ: ಶೇಂಗಾ ಹಿಂಡಿಯ ಮೇಲೆ ಒಂದು ಚಮಚ ಕುಸುಬಿ ಎಣ್ಣೆ, ಅಥವಾ ಅಗಸಿ ಹಿಂಡಿ ರೊಟ್ಟಿಯ ಜೊತೆಗಿದ್ದರೆ ಸಕ್ಕರೆ ಒಮ್ಮೆಲೇ ನುಗ್ಗುವುದಿಲ್ಲ, ಮಧ್ಯಾಹ್ನದವರೆಗೆ ಹಸಿವೂ ತಡೆಯುತ್ತದೆ. ಅದೇ ನಿಧಾನ ರಾತ್ರಿ ಅಪಕಾರ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ, ನಿದ್ದೆ ಕೆಡುತ್ತದೆ. ಜಿಡ್ಡಿನ ಊಟದ ಮೇಲೆ ರಕ್ತದಲ್ಲಿ ಏರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹಲವು ಗಂಟೆ ಅಲ್ಲಿಯೇ ಇರುತ್ತದೆ, ರಾತ್ರಿಯ ಊಟದ ನಂತರ ಇನ್ನೂ ಹೆಚ್ಚು. ನಾನು ವಾರದ ಎಣ್ಣೆಯನ್ನು ಒಂದು ಸೀಸೆಗೆ ಸುರಿದು ಇಡುತ್ತೇನೆ. ಅದರ ಮುಕ್ಕಾಲು ಪಾಲು ಬೆಳಗಿನ ಮತ್ತು ಮಧ್ಯಾಹ್ನದ ಅಡುಗೆಗೆ. ಎಣ್ಣೆಗಾಯಿ, ಝುಣಕ, ಹಬ್ಬದ ಹೋಳಿಗೆಯ ತುಪ್ಪ, ಎಲ್ಲವೂ ಹಗಲಿಗೆ. ಮಿರ್ಚಿ ಭಜಿಯ ಆಸೆಯಾದರೆ ಎರಡನ್ನು ಸಂಜೆ ನಾಲ್ಕಕ್ಕೆ ತಿನ್ನಿ, ಅವತ್ತಿನ ರಾತ್ರಿ ಬರಿ ಸಾರು ಕುಡಿಯಿರಿ. ಸೂಪರ್ ಮಾರ್ಕೆಟ್ ಬಜಾರಿನಿಂದ ರಾತ್ರಿ ಎಂಟೂವರೆಗೆ ಭಜಿ ಕಟ್ಟಿಸಿಕೊಂಡು ಬಂದು ಊಟಕ್ಕೆ ನಂಚಿಕೊಳ್ಳುವುದನ್ನು ನಿಲ್ಲಿಸಿ.

ರಾತ್ರಿಗೆ ಏನು? ಏಳೂವರೆಯೊಳಗೆ, ತಪ್ಪಿದರೆ ಎಂಟರೊಳಗೆ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು. ಜೋಳದ ನುಚ್ಚು ಸಣ್ಣ ಬಟ್ಟಲು, ಮಜ್ಜಿಗೆ ಬೆರೆಸಿ. ಇಲ್ಲವೇ ಒಂದೇ ರೊಟ್ಟಿ, ಸೊಪ್ಪಿನ ಪಲ್ಯ ಎರಡು ಪಾಲು, ಬೇಳೆಯ ಕಟ್ಟಿನ ಸಾರು. ಮೊದಲು ಪಲ್ಯ, ಬೇಳೆ ತಿಂದು ರೊಟ್ಟಿಯನ್ನು ಕೊನೆಗೆ ಮುಟ್ಟಿ. ತಿನ್ನುವ ಕ್ರಮ ಬದಲಾದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ನುಚ್ಚೂ ಜೋಳವೇ, ಬಟ್ಟಲು ದೊಡ್ಡದಾದರೆ ರೊಟ್ಟಿಗೆ ಸಮ ಎನ್ನುವುದು ಮನಸ್ಸಿನಲ್ಲಿರಲಿ. ಉಂಡ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ ಓಡಾಡಿ. ನಡೆಯುವ ಕಾಲು ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಅಂಗಡಿ ಮುಚ್ಚಿ ತಡವಾಗಿ ಬರುವವರ ಮನೆಯವರು, ಅವರು ಬರುವುದೇ ಹತ್ತಕ್ಕೆ, ಏನು ಮಾಡುವುದು ಎಂದು ಕೇಳುತ್ತಾರೆ. ನಾನು ಮಾಡಿದ್ದು ಇಷ್ಟೇ: ಯಜಮಾನರ ಕೈಗೆ ಎರಡು ಡಬ್ಬಿ ಕೊಟ್ಟೆ. ದೊಡ್ಡದು ಮಧ್ಯಾಹ್ನಕ್ಕೆ, ಚಿಕ್ಕದು ಸಂಜೆ ಏಳಕ್ಕೆ, ಲೆಕ್ಕ ಬರೆಯುವ ಗದ್ದಿಗೆಯ ಮೇಲೆಯೇ. ಮನೆಗೆ ಬಂದಾಗ ಒಂದು ಲೋಟ ಮಜ್ಜಿಗೆ, ಅಷ್ಟೇ. ಮೊದಲ ಎರಡು ವಾರ ಮುನಿಸಿಕೊಂಡರು. ಕಾದು ಕುಳಿತು ಬಡಿಸುವ ಹೆಂಡತಿ ಇಲ್ಲವಾದಳು ಎಂದು ಅವರಿಗೆ ಅನಿಸಿತ್ತು. ಅದಕ್ಕೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಿಸಿ ರೊಟ್ಟಿ ಬಡಿಸುವ ರೂಢಿ ಮಾಡಿದೆ. ಆ ಊಟಕ್ಕೆ ಇಡೀ ಮನೆ ಕೂಡುತ್ತದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಉತ್ಸಾಹದಲ್ಲಿ ಒಂದು ರಾತ್ರಿ ಚಿಕ್ಕ ಡಬ್ಬಿಯನ್ನೂ ಬಿಡಿಸಿ ಮಜ್ಜಿಗೆ ಮಾತ್ರ ಕೊಟ್ಟೆ. ಗುಳಿಗೆ ಮಾತ್ರ ಎಂದಿನಂತೆ ಹೋಯಿತು. ನಸುಕಿನ ಮೂರು ಗಂಟೆಗೆ ಅವರ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸಕ್ಕರೆ ಇಳಿದುಹೋಗಿತ್ತು. ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಆಮೇಲೆ ಒಂದಿಷ್ಟು ಅನ್ನ ಮೊಸರು ತಿನ್ನಿಸಿದ ಆ ರಾತ್ರಿ ನನಗೆ ಈಗಲೂ ನೆನಪಿದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಗುಳಿಗೆ ನುಂಗುವವರು ವೈದ್ಯರಿಗೆ ತಿಳಿಸದೆ ಊಟದ ವೇಳೆಯನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸಬೇಡಿ. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಹಸಿವಾದರೆ ರಾತ್ರಿಯೂ ಊಟ ಕೊಡಿ.

ಬೆಳಗಿನ ಜಾವದ ಚಹಾದ ಬಗ್ಗೆ ಒಂದು ಮಾತು. ನಸುಕಿನಲ್ಲಿ ಕಾರ್ಟಿಸಾಲ್ ಮುಂತಾದ ರಸಗಳು ಏರಿ ದೇಹವನ್ನು ಎಬ್ಬಿಸುತ್ತವೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಆಗಲೇ ರಕ್ತದ ಸಕ್ಕರೆಯೂ ಏರಿರುತ್ತದೆ. ಅದರ ಮೇಲೆ ಸಿಹಿ ಚಹಾ, ಬಿಸ್ಕತ್ತು ಬಿದ್ದರೆ ಉರಿಗೆ ಎಣ್ಣೆ. ಸಕ್ಕರೆ ಇಲ್ಲದ ಚಹಾ ಕುಡಿಯಿರಿ, ಅಂಗಳದ ಬಿಸಿಲಿನಲ್ಲಿ ನಿಂತು ಕುಡಿಯಿರಿ. ಮಿದುಳಿನ ಗಡಿಯಾರಕ್ಕೆ ಕೀಲಿಯೂ ಆಯಿತು.

ಹಗಲಿನಲ್ಲೇ ಹೊಟ್ಟೆ ತುಂಬ ಉಣ್ಣುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ವರ್ಷದ ದೊಡ್ಡ ಊಟ ನಮ್ಮ ಭಾಗದಲ್ಲಿ ಎಳ್ಳ ಅಮವಾಸ್ಯೆಯದು. ಹಸಿ ಕಾಳು, ಹತ್ತೆಂಟು ಸೊಪ್ಪು ಹಾಕಿದ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಷ್ಟೊಂದು ಎಳ್ಳು, ಎಷ್ಟೊಂದು ಜಿಡ್ಡು! ಆದರೆ ಅದನ್ನು ಉಣ್ಣುವುದು ನಡುಹಗಲು, ಹೊಲದಲ್ಲಿ, ಚರಗ ಚೆಲ್ಲಿ ಬಂದು. ಮುಂಚೆ ಹೊಲಕ್ಕೆ ಹೋಗುವುದೂ ಮರಳುವುದೂ ನಡೆದೇ. ಮಳಖೇಡದ ಬಸದಿಗೆ ಹೋದಾಗ ನೋಡಿದ್ದೇನೆ, ಜೈನರು ಸೂರ್ಯ ಮುಳುಗುವ ಮುನ್ನ ಊಟ ಮುಗಿಸುತ್ತಾರೆ. ಅವರ ಕಾರಣ ಅಹಿಂಸೆ, ಆದರೆ ದೇಹಕ್ಕೂ ಅದರ ಲಾಭ ಸಿಗುತ್ತದೆ. ನಮ್ಮ ನೆರೆಯ ಮುಸ್ಲಿಂ ಮನೆಯ ಹಿರಿಯಾಕೆ ರಂಜಾನಿನಲ್ಲಿ ಖರ್ಜೂರ, ನೀರಿನಿಂದ ಉಪವಾಸ ಬಿಟ್ಟು, ನಮಾಜಿನ ನಂತರವೇ ಊಟಕ್ಕೆ ಕೂಡುತ್ತಾರೆ. ನಸುಕಿನ ಸಹರಿ ಊಟಕ್ಕೆ ಬೇಳೆ, ಮೊಟ್ಟೆ, ಜೋಳದ ರೊಟ್ಟಿ. ಸಂಜೆ ಎಷ್ಟೇ ಹಸಿವಿದ್ದರೂ ಕರಿದದ್ದಕ್ಕೆ ಮೊದಲು ಕೈ ಹಾಕದ ಅವರ ಸಂಯಮದಿಂದ ನಾನು ಕಲಿತದ್ದಿದೆ.

ಬೇಸಿಗೆಯಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಮೇ ತಿಂಗಳಿನಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಮಧ್ಯಾಹ್ನ ಯಾರಿಗೂ ಅನ್ನ ಸೇರುವುದಿಲ್ಲ, ಹಸಿವೆಲ್ಲ ತಂಪಾದ ರಾತ್ರಿಗೆ ಸರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಕಚೇರಿಯೇ ಸೂರ್ಯನನ್ನು ನೋಡಿ ವೇಳೆ ಬದಲಿಸುವಾಗ ಅಡುಗೆಮನೆಗೆ ಏನು ಅಡ್ಡಿ? ದಿನದ ದೊಡ್ಡ ಊಟವನ್ನು ಬೆಳಿಗ್ಗೆ ಏಳೂವರೆಗೆ ಮುಗಿಸಿ, ನಡುಹಗಲು ಅಂಬಲಿ, ಮಜ್ಜಿಗೆ, ಸೌತೆಕಾಯಿ ಇಟ್ಟುಕೊಳ್ಳಿ.

ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಮಕ್ಕಳ ಬಗ್ಗೆ ನನಗೆ ಹೆಚ್ಚು ಚಿಂತೆ. ರಾತ್ರಿಯಿಡೀ ಎಚ್ಚರವಿದ್ದರೂ ಊಟವನ್ನು ಹಗಲಿಗೇ ಇಟ್ಟುಕೊಂಡವರ ಸಕ್ಕರೆ ಅಷ್ಟು ಕೆಡಲಿಲ್ಲ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ಸಂಜೆ ಪಾಳಿಗೆ ಹೊರಡುವ ಮುನ್ನ ಸರಿಯಾಗಿ ಉಣಿಸಿ ಕಳಿಸಿ. ಡಬ್ಬಿಯಲ್ಲಿ ಬಿರಿಯಾನಿಯ ಬದಲು ಹುರಿದ ಕಡಲೆ, ಮೊಸರು, ಒಂದು ಪೇರಲ ಹಣ್ಣು ಇರಲಿ. ಬೆಳಿಗ್ಗೆ ಬಂದ ಮೇಲೆ ಹಗುರಾಗಿ ತಿಂದು, ಕಿಟಕಿಗೆ ದಪ್ಪ ಪರದೆ ಎಳೆದು ಮಲಗಲಿ.

ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ರೊಟ್ಟಿ, ಬೇಳೆ, ಪಲ್ಯ ತಿಂದು ಎರಡು ಗಂಟೆಯ ಮೇಲೆ ಅಳೆಯಿರಿ. ಇನ್ನೊಂದು ದಿನ ಅದೇ ಊಟ, ಅದೇ ಅಳತೆ, ರಾತ್ರಿ ಒಂಬತ್ತಕ್ಕೆ. ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ, ಗುಳಿಗೆಯ ವೇಳೆಯನ್ನೂ ಪಕ್ಕದಲ್ಲಿ ಬರೆಯಿರಿ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಹರಿದು ಒಯ್ಯಿರಿ.