ನೀರಿನ ಕೊರತೆಯಿಂದ ಬರುವ ತಲೆನೋವು: ತಡೆಯುವುದು ಹೇಗೆ?

ಎಲ್ಲ ತಲೆನೋವಿಗೂ ನೀರು ಮದ್ದಲ್ಲ. ಆದರೆ ದೇಹದಲ್ಲಿ ನೀರಿನಂಶ ತಗ್ಗಿದಾಗ ಬರುವ ತಲೆನೋವನ್ನು ಬಹುಮಟ್ಟಿಗೆ ತಡೆಯಬಹುದು. ಮೈಗ್ರೇನ್ ಇರುವ ಕೆಲವರಲ್ಲಿ ಇದೇ ಕೊರತೆ ನೋವನ್ನು ಕೆರಳಿಸುವುದೂ ಉಂಟು. ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ, ಅದನ್ನು ಸುತ್ತುವರಿದ ಪೊರೆಗಳಿಗೆ ತಿಳಿಯುತ್ತದೆ. ನೀರು ಕಡಿಮೆಯಾದಾಗ ಮಿದುಳು ತುಸು ಕುಗ್ಗಿ ಆ ಪೊರೆಗಳನ್ನು ಎಳೆಯುವುದರಿಂದ ನೋವು ಹುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಮೊದಲು ನಿಮ್ಮ ಅಗತ್ಯವನ್ನು ಅಂದಾಜು ಮಾಡಿಕೊಳ್ಳಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಸೂಚಿಸಿದಂತೆ, ಹದವಾದ ಹವೆಯಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 2 ಲೀಟರ್, ಪುರುಷನಿಗೆ 2.5 ಲೀಟರ್ ನೀರು ಸಾಕು. ಆಹಾರದಲ್ಲಿರುವ ನೀರೂ ಈ ಲೆಕ್ಕದಲ್ಲೇ ಸೇರಿದೆ ಎಂಬುದನ್ನು ಹಲವರು ಮರೆಯುತ್ತಾರೆ. ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮುಂದಿನದು ಹಂಚಿಕೆ. ನನ್ನ ದೃಷ್ಟಿಯಲ್ಲಿ ಪ್ರಮಾಣಕ್ಕಿಂತ ಇದೇ ಮುಖ್ಯ. ಎದ್ದ ಕೂಡಲೇ ಒಂದು ಲೋಟ, ಪ್ರತಿ ಊಟದೊಂದಿಗೆ ಒಂದು, ಕೆಲಸದ ನಡುವೆ ಕೈಗೆಟಕುವಂತೆ ಇಟ್ಟ ಬಾಟಲಿಯಿಂದ ಆಗಾಗ ಕೆಲವು ಗುಟುಕು ಎಂದು ರೂಢಿಸಿಕೊಂಡರೆ ಬಾಯಾರಿಕೆಯನ್ನು ಕಾಯಬೇಕಾಗುವುದಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ ಅವರಿಗೆ ಈ ಕ್ರಮ ಇನ್ನಷ್ಟು ಅಗತ್ಯ. ಬಿಟ್ಟ ನೀರನ್ನೆಲ್ಲ ಸಂಜೆ ಒಮ್ಮೆಲೇ ಕುಡಿದು ಸರಿದೂಗಿಸುವುದು ಸಲ್ಲದು: ಮೂತ್ರಪಿಂಡಗಳು ಗಂಟೆಗೆ ಸುಮಾರು ಒಂದು ಲೀಟರಿನಷ್ಟನ್ನು ಮಾತ್ರ ಹೊರಹಾಕಬಲ್ಲವು, ಅದನ್ನು ಮೀರಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಕುಸಿದು, ಅದರಿಂದಲೂ ತಲೆನೋವೇ ಬರುತ್ತದೆ.

ಸಾಕಷ್ಟು ಕುಡಿದಿದ್ದೀರೋ ಇಲ್ಲವೋ ಎಂಬುದನ್ನು ಮೂತ್ರದ ಬಣ್ಣ ಹೇಳುತ್ತದೆ. ತಿಳಿಹಳದಿ ಇದ್ದರೆ ಸರಿ; ಹಗಲಿನಲ್ಲೂ ಗಾಢವಾಗಿದ್ದರೆ ಇನ್ನಷ್ಟು ಬೇಕು. ಬೆಳಗಿನ ಮೊದಲ ಮೂತ್ರ ಹೇಗೂ ಗಾಢವಾಗಿರುತ್ತದೆ, ಬಿ ಜೀವಸತ್ವದ ಮಾತ್ರೆ ನುಂಗುವವರಲ್ಲಿ ಹಳದಿ ಕಣ್ಣಿಗೆ ಹೊಡೆಯುವಂತಿರುತ್ತದೆ.

ವ್ಯಾಯಾಮದಲ್ಲಿ ಬಹಳ ಬೆವರುವವರು ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಬಹುದು. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ವಾಂತಿಭೇದಿಯಾದಾಗ ಬರಿಯ ನೀರು ಸಾಲದು, ಲವಣ ಮತ್ತು ಸಕ್ಕರೆ ಬೆರೆತ ದ್ರಾವಣವಾದ ಓಆರ್‌ಎಸ್ ಬೇಕು. ಚಹಾ ಕಾಫಿಯೂ ದ್ರವದ ಲೆಕ್ಕಕ್ಕೆ ಬರುತ್ತವೆ. ಆದರೆ ದಿನವೂ ಕಾಫಿ ಕುಡಿಯುವವರು ಅದನ್ನು ಥಟ್ಟನೆ ಬಿಟ್ಟಾಗ ಬರುವ ತಲೆನೋವಿಗೆ ನೀರಿನ ಕೊರತೆ ಕಾರಣವಲ್ಲ. ಮದ್ಯವು ಮೂತ್ರವನ್ನು ಹೆಚ್ಚಿಸಿ ನೀರನ್ನು ಕಳೆಯುತ್ತದೆ.

ಇಷ್ಟಾಗಿಯೂ ನೋವು ಬಂದರೆ ನೆರಳಿನಲ್ಲಿ ಕುಳಿತು ಒಂದೆರಡು ಲೋಟ ನೀರನ್ನು ನಿಧಾನವಾಗಿ ಕುಡಿದು ವಿಶ್ರಮಿಸಿ. ಕೊರತೆಯೇ ಕಾರಣವಾಗಿದ್ದರೆ ಕೆಲವೇ ಗಂಟೆಗಳಲ್ಲಿ ಇಳಿಯುವುದು ವಾಡಿಕೆ. ಸಿಡಿಲಿನಂತೆ ಏಕಾಏಕಿ ಎರಗಿದ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಮಾತಿನ ತೊದಲು, ಕೈಕಾಲಿನ ಬಲಹೀನತೆ, ಗೊಂದಲ ಅಥವಾ ತಲೆಗೆ ಪೆಟ್ಟಾದ ನಂತರದ ನೋವು ಇದ್ದಲ್ಲಿ ನೀರು ಕುಡಿದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.